ಸೋಮನ ಹೆಸರಿನ ಮುಂದಿನ ಗೆರೆಗಳು

ಆಫ್‌ಸೈಡ್ ಎಂದರೇನು ಎಂಬುದನ್ನು ನನಗೆ ಇದುವರೆಗೆ ಏಳೆಂಟು ಜನ ವಿವರಿಸಿದ್ದಾರೆ. ಒಬ್ಬರಂತೂ ಹೋಟೆಲಿನ ಮೇಜಿನ ಮೇಲೆ ನೀರಿನ ಲೋಟ, ಸಾಂಬಾರಿನ ಬಟ್ಟಲು, ಚಟ್ನಿಯ ಬಟ್ಟಲುಗಳನ್ನು ಸರಿಸಿ ಸರಿಸಿ ತೋರಿಸಿದರು. ಚಟ್ನಿ ಆಫ್‌ಸೈಡಿನಲ್ಲಿದೆ ಎನ್ನುವಷ್ಟು ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ಇಂಥ ನಾನು ಹೋದ ವರ್ಷ ಒಂದು ಫುಟ್‌ಬಾಲ್ ಕ್ಲಬ್ಬಿನ ಅತ್ಯುತ್ತಮ ಆಟಗಾರನನ್ನು ಆರಿಸಿದೆ ಎಂದರೆ ನೀವು ನಗಬಹುದು. ನನ್ನಾಕೆಯೂ ನಕ್ಕಳು. "ಮನೇಲಿ ಉಪ್ಪಿಟ್ಟು ಹೇಗಿದೆ ಅಂದ್ರೆ ಹೇಳೋಕೆ ಬರಲ್ಲ, ಅಲ್ಲಿ ಹೋಗಿ ಆಟ ಅಳೀತೀರೇನ್ರೀ?" ಎಂದಳು.

ತಪ್ಪು ನನ್ನದಲ್ಲ. ಲಕ್ಷ್ಮೀಪುರಂನಲ್ಲಿ ಬೆಳೆದ ನಾನು ಈಗ ಹಿನಕಲ್ ಕಡೆ ಮನೆ ಮಾಡಿಕೊಂಡಿದ್ದೇನೆ. ಸಂಜೆಯ ನಡಿಗೆ ಮುಗಿಸಿ ಅಲ್ಲಿನ ಮೈದಾನದ ಬೇವಿನ ಮರದಡಿ ಕೂರುವುದು ವಾಡಿಕೆ. ಆ ಮೈದಾನದಲ್ಲಿ ಆಡುವ ಕ್ಲಬ್ಬಿನ ಅಧ್ಯಕ್ಷ ಪುಟ್ಟಸ್ವಾಮಿಯವರು ಅಲ್ಲೇ ಟೈರ್ ಅಂಗಡಿ ಇಟ್ಟಿರುವವರು. ಅವರಿಗೆ ಪ್ರತಿ ವರ್ಷ ಈ ಪ್ರಶಸ್ತಿಯದೇ ತಲೆನೋವು. ಒಮ್ಮೆ ತೀರ್ಪುಗಾರರು ಕ್ಯಾಪ್ಟನ್ನನ ಸೋದರಮಾವ. ಇನ್ನೊಮ್ಮೆ ಬಂದವರು ಆಟಗಾರನೊಬ್ಬನ ಅಣ್ಣನಿಗೆ ಮಗಳನ್ನು ಕೊಡುವ ಮಾತುಕತೆಯಲ್ಲಿದ್ದವರು. ಎರಡು ಸಲವೂ ಜಗಳ.

"ನೋಡಿ ಸಾರ್, ನೀವು ಯಾರ ಕಡೆಯೋರೂ ಅಲ್ಲ. ಆಟ ಅಂತೂ ಒಂಚೂರೂ ಗೊತ್ತಿಲ್ಲ. ನಿಮ್ಮಂಥೋರೇ ಬೇಕು," ಎಂದರು ಪುಟ್ಟಸ್ವಾಮಿ. ನನ್ನ ಅಜ್ಞಾನಕ್ಕೆ ಅಷ್ಟು ಮರ್ಯಾದೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಒಪ್ಪಿಕೊಂಡೆ. ನನ್ನ ಮಾತೇ ಕೊನೆಯ ಮಾತೆಂದು ಅವರು ಬರೆದೂ ಕೊಟ್ಟರು.

ಆದರೆ ಅಳೆಯುವುದು ಹೇಗೆ? ದೂರದ ಜರ್ಸಿಯ ನಂಬರು ನನ್ನ ಕಣ್ಣಿಗೆ ಕಾಣದು. ಕಿವಿ ಮಾತ್ರ ಚುರುಕು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರು ಬರೆದುಕೊಂಡು, ಮೈದಾನದಲ್ಲಿ ಯಾರ ಹೆಸರು ಕೂಗಿದರೂ ಅವರ ಮುಂದೆ ಒಂದು ಗೆರೆ ಎಳೆಯುತ್ತ ಹೋದೆ. ಇಷ್ಟು ಜನ ಕೂಗಿ ಕರೆಯುವವನು ಒಳ್ಳೆಯ ಆಟಗಾರನಲ್ಲದೆ ಮತ್ತೇನು?

ಸೀಸನ್ ಮುಗಿಯುವ ಹೊತ್ತಿಗೆ ನಮ್ಮ ಮನೆಯ ನೀರಿನ ಮೋಟಾರು ಕೆಟ್ಟಿತು. ರಿಪೇರಿಗೆ ಬಂದವನು ಕ್ಲಬ್ಬಿನ ಡಿಫೆನ್ಸ್ ಆಟಗಾರ ಸೋಮ. ವೈರಿಂಗ್ ಕೆಲಸ ಅವನದು. ಸಂಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ತಲೆಯೆತ್ತದೆ ಹೇಳಿದ:

"ವಯಸ್ಸು ಮೂವತ್ತಾರು ಆಯ್ತು ಸಾರ್. ಇಷ್ಟು ವರ್ಷ ಆಡಿದ್ರೂ ಬೈಸ್ಕೊಂಡೇ ಇದೀನಿ. ನಾನು ಟೀಮಿನೋರಿಗೆ ಬೇಕಾ ಬೇಡ್ವಾ ಅಂತ್ಲೇ ಗೊತ್ತಾಗ್ಲಿಲ್ಲ. ಪ್ರಶಸ್ತಿ ದಿನ ಜರ್ಸಿ ವಾಪಸ್ ಕೊಟ್ಬುಟ್ಟು ಕೈ ಮುಗಿದ್ಬುಡ್ತೀನಿ."

"ಮನೇಲಿ ಏನಂತಾರಪ್ಪ?"

"ಅವಳೇನೂ ಅನ್ನಲ್ಲ. ಭಾನುವಾರ ಪೂರ್ತಿ ನಾನು ಮನೇಲೇ ಇದ್ರೆ ಏನ್ ಗತಿ ಅಂತ ಅವಳಿಗೂ ಯೋಚನೆ."

ನಗುತ್ತಲೇ ಹೇಳಿದ. ಆದರೆ ಸ್ಕ್ರೂ ಬಿಗಿಸುತ್ತಿದ್ದ ಕೈ ಅಷ್ಟು ಹೊತ್ತು ನಿಂತೇ ಇತ್ತು. ಏನಾದರೂ ಒಳ್ಳೆಯ ಮಾತಾಡಬೇಕೆನಿಸಿತು; ಬರಲಿಲ್ಲ.

ಹೊಗಳುವುದು ನಮ್ಮ ಮನೆತನಕ್ಕೆ ಬಂದ ವಿದ್ಯೆಯಲ್ಲ. ನಮ್ಮ ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರು. ಕಾಗದದ ಒಕ್ಕಣೆಯಲ್ಲಿ ವಿಶೇಷಣಗಳ ಹೊಳೆಯನ್ನೇ ಹರಿಸುತ್ತಿದ್ದವರು ಮನೆಗೆ ಬಂದು ಹುಳಿ ಅಮೃತದಂತಿದ್ದರೂ "ಇವತ್ತು ಪರವಾಗಿಲ್ಲ" ಎನ್ನುತ್ತಿದ್ದರು. ಎದುರಿಗೇ ಹೊಗಳಿದರೆ ದೃಷ್ಟಿಯಾದೀತೆಂಬ ಭಯ. ಅಜ್ಜಿಯಂತೂ ದಿನವಿಡೀ ನಮ್ಮ ದೊಡ್ಡಮ್ಮನ ಹೆಸರು ಹಿಡಿದೇ ಕೂಗುವರು: "ಪದ್ದೂ, ಹಾಲುಕ್ತು ನೋಡೆ! ಪದ್ದೂ, ಬಾಗಿಲಲ್ಲಿ ಯಾರೇ? ಪದ್ದೂ, ಎಲ್ಲಿ ಸತ್ತೆ?" ಇಡೀ ಮನೆಯಲ್ಲಿ ದೊಡ್ಡಮ್ಮನಷ್ಟು ದಡ್ಡರು ಇಲ್ಲವೆಂದೇ ನಾನು ತಿಳಿದಿದ್ದೆ. ಅವರು ಎಂಟು ದಿನಕ್ಕೆಂದು ತವರಿಗೆ ಹೋದಾಗ ಮಾತ್ರ ಅಜ್ಜಿ ಯಾರನ್ನೂ ಬೈಯಲಿಲ್ಲ. ಮೂರನೆಯ ದಿನಕ್ಕೆ ಕರೆತರಲು ಆಳನ್ನು ಕಳಿಸಿದರು. ದೇವರನ್ನೇ ಬೈದು ಹೊಗಳುವ ನಿಂದಾಸ್ತುತಿ ಹುಟ್ಟಿದ ನಾಡಿನಲ್ಲಿ ಇದೇನೂ ಹೊಸದಲ್ಲ. ಕಷ್ಟವೆಂದರೆ, ದೇವರಿಗೆ ಒಳಗಿನ ಅರ್ಥ ತಿಳಿಯುತ್ತದೆ. ಮನುಷ್ಯರಿಗೆ ಬೈಗುಳವಷ್ಟೇ ಕೇಳಿಸುತ್ತದೆ.

ಪ್ರಶಸ್ತಿಯ ಹಿಂದಿನ ವಾರ ಟೈರ್ ಅಂಗಡಿಯಲ್ಲಿ ಸಭೆ ಸೇರಿತು. ಕೆಲಸದ ಮೇಲೆ ಹೋಗಿದ್ದ ಸೋಮನೊಬ್ಬ ಬಂದಿರಲಿಲ್ಲ. ನಾನು ನೋಟ್‌ಬುಕ್ ತೆರೆದು, ಗೆರೆಗಳನ್ನು ಕೂಡಿಸಿ, "ಸೋಮ" ಎಂದೆ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತಿ ಹೆಚ್ಚು ಗೋಲು ಹೊಡೆದ ದರ್ಶನ್ ಮೆಲ್ಲಗೆ ಕೇಳಿದ, "ನಂದೆಷ್ಟು ಸಾರ್?"

"ನಿನ್ನ ಹೆಸರು ಇಪ್ಪತ್ತೆರಡು ಸಲ ಕೂಗಿದಾರೆ."

"ಸೋಮಣ್ಣಂದು?"

"ಎರಡು ಪುಟ ಇದೆಯಪ್ಪ."

ಪುಟ್ಟಸ್ವಾಮಿಯವರು ಹಣೆ ಚಚ್ಚಿಕೊಂಡರು. "ಅಯ್ಯೋ ಸಾರ್! ಅದು ಬೈದಿದ್ದು ಕಣ್ರೀ! 'ಲೋ ಸೋಮ, ಎಲ್ಲಿ ನೋಡ್ತಿದೀಯಾ, ಲೋ ಸೋಮ, ನಿದ್ದೆ ಮಾಡ್ತಿದೀಯಾ'... ನೀವು ಬೈಗುಳಕ್ಕೆಲ್ಲ ಗೆರೆ ಹಾಕ್ಬುಟ್ಟಿದೀರಲ್ಲ!"

ಹೆಸರು ಕೇಳಿದೊಡನೆ ಗೆರೆ ಎಳೆಯುವ ಗಡಿಬಿಡಿಯಲ್ಲಿ ಅದರ ಮುಂದಿನ ಮಾತಿಗೆ ನಾನು ಗಮನವನ್ನೇ ಕೊಟ್ಟಿರಲಿಲ್ಲ. ಭೂಮಿ ಬಾಯ್ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ಸೋಮ ಜರ್ಸಿ ಹಿಂತಿರುಗಿಸಲಿರುವ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಪ್ರಶಸ್ತಿಯ ಕಪ್ಪು ಕನಿಕರದ ಕಪ್ಪಾಗುತ್ತಿತ್ತು. ನುಂಗಿಕೊಂಡೆ. "ನನ್ನದು ತಪ್ಪಾಯಿತು, ಬೇರೆಯವರನ್ನು ನೋಡಿಕೊಳ್ಳಿ," ಎಂದು ಏಳಹೊರಟೆ.

ಆಗ ಮೂಲೆಯ ಟೈರಿನ ಮೇಲೆ ಕೂತಿದ್ದ ಗೋಲ್‌ಕೀಪರ್ ರವಿ ಬಾಯಿಬಿಟ್ಟ. "ಕೂತ್ಕೊಳಿ ಸಾರ್. ಅದರಲ್ಲಿ ಮುಕ್ಕಾಲು ನಾನೇ ಬೈದಿದ್ದು. ಚೆಂಡು ನನ್ನ ಕಡೆ ಬಂದಾಗ ಇನ್ಯಾರನ್ನ ಕೂಗ್ಲಿ? ದರ್ಶನ್ನಾ? ಅವನು ಆ ತುದೀಲಿ ಕೂದಲು ಸರಿ ಮಾಡ್ಕೊತಾ ನಿಂತಿರ್ತಾನೆ. ಬರ್ತಾನೆ ಅಂತ ಗೊತ್ತಿರೋನ್ನ ತಾನೇ ಕರೆಯೋದು? ಬರೆದಿದ್ದು ಹಂಗೇ ಇರ್ಲಿ."

ಕೊನೆಗೆ ದರ್ಶನ್ನೇ, "ಸರಿ ಬುಡಿ. ಮುಂದಿನ ವರ್ಷ ನಂಗೂ ಒಂದಿಷ್ಟು ಬೈಯ್ರಪ್ಪ," ಎಂದ. ಎಲ್ಲರೂ ನಕ್ಕರು. ಅಲ್ಲಿಗೆ ತೀರ್ಮಾನವಾಯಿತು.

ಪ್ರಶಸ್ತಿಯ ದಿನ ಸೋಮ ಜರ್ಸಿಯನ್ನು ಒಗೆದು, ಇಸ್ತ್ರಿ ಮಾಡಿಸಿ, ಕವರಿನಲ್ಲಿ ತಂದಿದ್ದ. ಹೆಸರು ಕರೆದಾಗ ಏಳಲೇ ಇಲ್ಲ. ಬೇರೆ ಸೋಮನಿರಬೇಕೆಂದು ಹಿಂದೆ ತಿರುಗಿ ನೋಡಿದ. ಪುಟ್ಟಸ್ವಾಮಿಯವರು ಗೆರೆಗಳ ಕಥೆಯನ್ನು ಮೈಕಿನಲ್ಲೇ ಹೇಳಿದರು. ರವಿಯ ಮಾತನ್ನೂ ಹೇಳಿದರು. ಸೋಮ ಕಪ್ಪನ್ನು ತೆಗೆದುಕೊಂಡು, ರವಿಯ ಕಡೆ ಒಮ್ಮೆ ನೋಡಿ, ಮೂಗೊರೆಸಿಕೊಂಡ. ಹೊರಡುವಾಗ ಕವರು ಅವನ ಬೈಕಿನ ಹ್ಯಾಂಡಲ್ಲಿನಲ್ಲೇ ನೇತಾಡುತ್ತಿತ್ತು. "ಇನ್ನೊಂದ್ ವರ್ಷ ನೋಡನ ಸಾರ್," ಎಂದ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಘನತೆ ಉಳಿಯುತ್ತಿತ್ತು. ಆದರೆ ಮುಂದಿನ ಮ್ಯಾಚು ಬಂತು. ಈಗ ಸೋಮ ಪ್ರಶಸ್ತಿ ಪಡೆದ ಆಟಗಾರ. ಅವನನ್ನು ಬೈಯುವುದು ಹೇಗೆ? ರವಿ ಕೂಗಲು ಬಾಯಿ ತೆರೆದು ಮುಚ್ಚಿಕೊಂಡ. ಒಬ್ಬ, "ಸೋಮಣ್ಣ, ಸಾಧ್ಯ ಆದ್ರೆ ಸ್ವಲ್ಪ ಈ ಕಡೆ..." ಎನ್ನುವಷ್ಟರಲ್ಲಿ ಗೋಲಾಯಿತು. ವಿರಾಮದ ಹೊತ್ತಿಗೆ ಮೂರು ಗೋಲು ತಿಂದಿದ್ದರು. ಸೋಮ ಬೆವರೊರೆಸಿಕೊಳ್ಳುತ್ತ ಬಂದು ರವಿಯ ಮುಂದೆ ನಿಂತ.

"ಯಾಕ್ಲಾ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ? ನೀನು ಬೈದೇ ಇದ್ರೆ ಎಲ್ಲಿ ನಿಲ್ಬೇಕು ಅಂತ ನಂಗೆಂಗ್ಲಾ ಗೊತ್ತಾಗ್ಬೇಕು?"

ರವಿ ಒಂದು ಕ್ಷಣ ಅವನನ್ನೇ ನೋಡಿದ. ಆಮೇಲೆ ಅವನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಸೋಮನ ಮುಖ ಅರಳಿತು.

ಎರಡನೆಯ ಅರ್ಧದಲ್ಲಿ ಮೈದಾನಕ್ಕೆ ಮತ್ತೆ ಜೀವ ಬಂತು. ನನಗೂ ಏನಾಯಿತೋ, ಜೀವನದಲ್ಲಿ ಮೊದಲ ಸಲ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ: "ಲೋ ಸೋಮ, ಎಡಗಡೆ ಕಣೋ!"

ಚೆಂಡು ಬಲಗಡೆ ಇತ್ತೆಂದು ಪುಟ್ಟಸ್ವಾಮಿಯವರು ಆಮೇಲೆ ಹೇಳಿದರು. ಸೋಮನಿಗೆ ಅದು ಗೊತ್ತೇ ಇತ್ತು. ಬಲಗಡೆಗೆ ಓಡುತ್ತಲೇ ನನ್ನ ಕಡೆ ಒಮ್ಮೆ ಕೈಯೆತ್ತಿದ.