ಸೊಸೆಯ ಕಾರ್ಡು

ಬೆಳಕು ಹರಿಯುವ ಮೊದಲು ತುಲಸಾ ಮಾಡಿ ಮುಗಿಸಬೇಕಾದ ಕೆಲಸಗಳು ಇವು: ಬಚ್ಚಲೊಲೆಗೆ ಕಾಫಿ ಗಿಡದ ಸೌದೆ ತುರುಕಿ ಹಂಡೆ ನೀರಿಗೆ ಬೆಂಕಿ ಮಾಡುವುದು. ನಾಯಿಗಳನ್ನು ಕಟ್ಟುವುದು, ಇಲ್ಲದಿದ್ದರೆ ಅತಿಥಿಗಳು ಕೋಣೆಯಿಂದ ಹೊರಗೆ ಕಾಲಿಡುವುದಿಲ್ಲ. ಅವರು ರಾತ್ರಿ ಅಂಗಳದಲ್ಲಿ ಹಾಕಿದ ಬೆಂಕಿಯ ಬೂದಿ ಬಳಿದು, ಹುಲ್ಲಿನಲ್ಲಿ ಉರುಳಿಬಿದ್ದ ಗ್ಲಾಸುಗಳನ್ನು ಹುಡುಕಿ ತೊಳೆಯುವುದು. ಅಕ್ಕಿ ತರಿ ಬೇಯಿಸಿ, ಕೈ ಸುಡುತ್ತಿರುವಾಗಲೇ ಉಂಡೆ ಕಟ್ಟಿ ಕಡಂಬುಟ್ಟು ಹಬೆಗಿಡುವುದು. ತಡಿಯಂಡಮೋಳ್ ಬೆಟ್ಟ ಹತ್ತಲು ಹೊರಟವರಿಗೆ ಚಪಾತಿ ಪೊಟ್ಟಣ, ಅದರ ಜೊತೆ ಜಿಗಣೆಗೆಂದು ಒಂದೊಂದು ಉಪ್ಪಿನ ಗಂಟು. ಯಜಮಾನರಾದ ನಾಣಯ್ಯನವರಿಗೆ ಸಕ್ಕರೆ ಹಾಕದ ಕಾಫಿ. ಇದೆಲ್ಲಕ್ಕೂ ಮುಂಚೆ, ಮನೆಯಲ್ಲಿ ಒಂದು ದೀಪವೂ ಹತ್ತದಿರುವಾಗ, ತೋಟದಂಚಿನ ಒಗೆಯುವ ಕಲ್ಲಿಗೆ ಹೋಗಿ ತನ್ನ ಬಟ್ಟೆಗಳ ರಕ್ತ ತೊಳೆಯುವುದು. ಈ ಒಂದು ಕೆಲಸವನ್ನು ಮಾತ್ರ ಯಜಮಾನಿ ಬೋಜಮ್ಮ ಹೇಳಿರಲಿಲ್ಲ. ಆದರೆ ಮಳೆ ಹಿಡಿದಾಗಿನಿಂದ ಅದೂ ದಿನದ ಕೆಲಸವಾಗಿಬಿಟ್ಟಿತ್ತು.

ಕಕ್ಕಬೆಯ ಆ ಹೋಮ್‌ಸ್ಟೇಗೆ ಅವಳು ನೇಪಾಳದಿಂದ ಗಂಡ ಲೋಕೇಂದ್ರನ ಜೊತೆ ಬಂದು ಎರಡನೆಯ ವರ್ಷ. ಅವನು ಗುಡ್ಡದಾಚೆಯ ಏಲಕ್ಕಿ ತೋಟದಲ್ಲಿ ಕಾವಲಿಗಿದ್ದ. ಬಿಡುವಾದಾಗ ಬಂದು ಉಂಡು, ಮಲಗಿ, ಹೋಗುತ್ತಿದ್ದ. ತುಲಸಾ ಎನ್ನುವುದು ಯಾರ ಬಾಯಿಗೂ ಹತ್ತದೆ ಇಲ್ಲಿ ಅವಳು ತುಳಸಿ ಆದಳು. ಅವಳಿಗೆ ಬಂದ ಕನ್ನಡವೆಲ್ಲ ಅಡುಗೆಮನೆಯದು. ತುರಿ, ಹೆಚ್ಚು, ರುಬ್ಬು, ಬಡಿಸು, ಇನ್ನೂ ಎರಡು ತಟ್ಟೆ ತಾ. ಅದರಾಚೆಯ ಕನ್ನಡ ಅವಳ ತಲೆಯ ಮೇಲಿಂದ ಹಾರಿಹೋಗುತ್ತಿತ್ತು.

ಮದುವೆಯಾದ ಮೇಲೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಇಳಿದುಹೋಗಿತ್ತು. ಊರಿನಿಂದ ಅತ್ತೆ ಫೋನು ಮಾಡಿದರೆ ಕೇಳುವುದು ಒಂದೇ: "ಬೇರೆ ದೇಶದ ಅನ್ನ ತಿಂದಾದರೂ ಹೊಟ್ಟೆ ಮುಂದೆ ಬಂತಾ, ಇಲ್ಲ ಬರೀ ಕೊಬ್ಬಾ?" ಅತ್ತೆಗಿಂತ ಹೆಚ್ಚಾಗಿ ಮಗು ಬೇಕಾಗಿದ್ದುದು ತುಲಸಾಳಿಗೇ. ಅತಿಥಿಗಳ ಮಕ್ಕಳು ಮೂತ್ರ ಮಾಡಿದ ಹಾಸಿಗೆಯನ್ನು ಬಿಸಿಲಿಗೆ ಹಾಕುವಾಗ ಅವಳು ಒಂದು ದಿನವೂ ಗೊಣಗಿದವಳಲ್ಲ.

ಅಕ್ಟೋಬರಿನ ರಜೆಗೆ ಹೋಮ್‌ಸ್ಟೇ ತುಂಬಿದ್ದಾಗ, ಹಂದಿಕರಿ ಪಾತ್ರೆ ಇಳಿಸಲು ಹೋಗಿ ಅವಳು ಒಲೆಯ ಮುಂದೆಯೇ ಕುಸಿದಳು. ಬೋಜಮ್ಮ ಓಡಿಬಂದು ಎತ್ತಿ ಕೂರಿಸಿದರು. ನೆಲದ ಮೇಲಿನ ರಕ್ತ ನೋಡಿದರು.

"ಯಾವಾಗಿಂದ ಇದು?"

"ತುಂಬಾ ದಿನ, ಅಮ್ಮ."

"ಬಾಯಿಗೆ ಎಂತ ತುಂಬಿಕೊಂಡಿದ್ದೆ ಮಾರಾಯ್ತಿ? ಹೇಳಲಿಕ್ಕೆ ಆಗ್ಲಿಲ್ವಾ?"

ಬೋಜಮ್ಮ ತಾವೇ ಬಿಸಿನೀರು ತಂದು ಅವಳ ಕಾಲು ತೊಳೆದರು. ಅದು ಸುಳ್ಳು ಕರುಣೆಯಲ್ಲ. ಹಾಗೆಯೇ, ತೊಳೆಯುತ್ತ ತೊಳೆಯುತ್ತ ಅವರು ಡಿಸೆಂಬರಿನವರೆಗಿನ ಬುಕಿಂಗ್‌ಗಳನ್ನು ಮನಸ್ಸಿನಲ್ಲೇ ಎಣಿಸಿದ್ದೂ ಸುಳ್ಳಲ್ಲ.

ನಾಪೋಕ್ಲುವಿನಲ್ಲಿ ಸ್ಕ್ಯಾನ್ ಮಾಡಿದವರು ಗರ್ಭಕೋಶದಲ್ಲಿ ಗಡ್ಡೆಯಿದೆ, ಆಪರೇಷನ್ ಆಗಲೇಬೇಕು, ರಕ್ತ ಹೀಗೆ ಹೋದರೆ ಜೀವಕ್ಕೆ ಅಪಾಯ ಎಂದರು.

"ಸರ್ಕಾರಿ ಆಸ್ಪತ್ರೆಗೆ ಸೇರಿಸು," ಎಂದರು ನಾಣಯ್ಯ, ಪೇಪರಿನ ಹಿಂದಿನಿಂದ.

"ಸೇರಿಸುವ. ಅಲ್ಲಿ ಚೀಟಿಗೆ, ರಕ್ತಕ್ಕೆ ಓಡಾಡಲಿಕ್ಕೆ ಒಬ್ಬರು ಬೇಕು. ನೀವು ಹೋಗ್ತೀರಾ? ಇಲ್ಲ ನಾನು ಹೋಗಿ ಕೂತರೆ ಇಲ್ಲಿ ಅಡುಗೆಗೆ ನೀವು ನಿಲ್ತೀರಾ?"

ನಾಣಯ್ಯ ಪುಟ ತಿರುವಿದರು.

ಖಾಸಗಿ ಆಸ್ಪತ್ರೆಯಾದರೆ ಮೂರ್ನಾಲ್ಕು ದಿನ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಆದರೆ ತುಲಸಾಳ ಹತ್ತಿರ ಆಧಾರ್ ಇಲ್ಲ, ವಿಮೆ ಇಲ್ಲ, ಈ ದೇಶದಲ್ಲಿ ಅವಳು ಇದ್ದಾಳೆ ಎನ್ನುವುದಕ್ಕೆ ತೊಳೆದಿಟ್ಟ ಪಾತ್ರೆಗಳ ಹೊರತು ಬೇರೆ ಗುರುತಿಲ್ಲ. ಗೋಣಿಕೊಪ್ಪಲಿನಲ್ಲಿ ಶಾಲೆಯ ಟೀಚರಾಗಿರುವ ಬೋಜಮ್ಮನ ಸೊಸೆ ರಶ್ಮಿತಾಳ ಹೆಸರಲ್ಲಿ ವಿಮೆ ಕಾರ್ಡು ಇತ್ತು. ಹೆಚ್ಚುಕಡಿಮೆ ಅದೇ ವಯಸ್ಸು, ಅದೇ ಮೈಕಟ್ಟು. ಮದುವೆಗೆ ಹೊರಟ ಓರಗಿತ್ತಿ ಕೇಳಿದರೆ ಕತ್ತಿನ ಪತ್ತಾಕ್ ಸರ ಬಿಚ್ಚಿಕೊಡುವ ಮನೆ ಅದು. ಉಟ್ಟು ತೊಟ್ಟು ಹಿಂದೆ ಕೊಟ್ಟರಾಯಿತು. ಕಾರ್ಡನ್ನೂ ಬೋಜಮ್ಮ ಹಾಗೆಯೇ ಕೇಳಿದರು. ರಶ್ಮಿತಾ ಹೆದರಿದಳು, ಗಂಡ ದೀಪಕ್‌ಗೆ ಹೇಳಬೇಡಿ ಎಂದಳು, ಕೊನೆಗೆ ಕೊಟ್ಟಳು. ಲೋಕೇಂದ್ರನಿಗೆ ಫೋನು ಸಿಕ್ಕಾಗ ಅವನು ಹೇಳಿದ್ದು, "ಅಮ್ಮ ಹೇಳಿದ ಹಾಗೆ ಮಾಡು."

ವಿರಾಜಪೇಟೆಯಲ್ಲಾದರೆ ಗುರುತಿನವರು. ಹಾಗಾಗಿ ಕುಶಾಲನಗರದ ಒಂದು ಆಸ್ಪತ್ರೆಗೆ ಹೊರಟರು. ರಶ್ಮಿತಾಳ ಹಳೆಯ ಚೂಡಿದಾರ್ ತೊಟ್ಟು, ಮಾಸ್ಕ್ ಹಾಕಿಕೊಂಡು ತುಲಸಾ ಜೀಪಿನಲ್ಲಿ ಮುದುರಿ ಕೂತಿದ್ದಳು. ದಾರಿಯುದ್ದಕ್ಕೂ ಪಾಠ.

"ಹೆಸರು?"

"ರಶ್ಮಿತಾ."

"ಗಂಡ?"

"ದೀಪಕ್."

"ಬೇರೆ ಏನಾದ್ರೂ ಕೇಳಿದ್ರೆ?"

"ಹೊಟ್ಟೆ ಹಿಡ್ಕೊಂಡು ನಿಮ್ಮ ಮುಖ ನೋಡೋದು."

ಬೋಜಮ್ಮನಿಗೆ ನಗು ಬಂತು. "ನನ್ನ ಅಸಲಿ ಸೊಸೆ ಇಷ್ಟು ಮಾತು ಕೇಳಿದ್ರೆ ನನ್ನ ತಲೆ ಇಷ್ಟು ಬೇಗ ಬೆಳ್ಳಗಾಗ್ತಿರಲಿಲ್ಲ." ತುಲಸಾಳೂ ನಕ್ಕಳು. ನಕ್ಕಾಗ ಕೆಳಗೆ ಬಿಸಿಯಾಗಿ ಹರಿಯಿತು.

ಡಾಕ್ಟರು ಒಳ್ಳೆಯವರೇ. ಸ್ಕ್ಯಾನ್ ನೋಡಿ ಕೇಳಿದರು, "ಮಕ್ಕಳೆಷ್ಟು?"

"ಒಬ್ಬ ಮಗ, ದಿಗಂತ್ ಅಂತ. ಯುಕೆಜಿ," ಎಂದರು ಬೋಜಮ್ಮ.

"ಇನ್ನೊಂದು ಬೇಕಾ?"

ಮೊಮ್ಮಗಳೊಬ್ಬಳು ಬೇಕು ಎಂದು ಬೋಜಮ್ಮ ಎಷ್ಟು ಸಲ ಹೇಳಿದ್ದರೂ ರಶ್ಮಿತಾ ಒಪ್ಪಿರಲಿಲ್ಲ. ಕಾರ್ಡು ರಶ್ಮಿತಾಳದು. ಒಂದು ಉತ್ತರ ಹೆಚ್ಚುಕಡಿಮೆಯಾದರೆ ಎಲ್ಲ ಸಿಕ್ಕಿಬೀಳುತ್ತದೆ ಎಂಬ ಭಯದಲ್ಲಿ ಅವರು ಕೇಳಿದ್ದಕ್ಕೆಲ್ಲ ಸೊಸೆಯ ನಿಜವನ್ನೇ ಹೇಳುತ್ತ ಬಂದರು. "ಬೇಡವಂತೆ ಡಾಕ್ಟ್ರೇ. ಒಬ್ಬನೇ ಸಾಕಂತೆ."

ಪಕ್ಕದಲ್ಲಿದ್ದ ತುಲಸಾಳಿಗೆ ದಿಗಂತನ ಹೆಸರು ತಿಳಿಯಿತು. ರಶ್ಮಿತಾಕ್ಕನ ವಿಷಯ ಮಾತಾಡುತ್ತಿದ್ದಾರೆ ಎಂದುಕೊಂಡಳು. ಮಾತಾಡುತ್ತಿದ್ದುದೂ ಅದನ್ನೇ. ತೋರಿಸಿದ ಕಡೆ ಅವಳು ಹೆಬ್ಬೆಟ್ಟು ಒತ್ತಲು ಹೋದಾಗ ಬೋಜಮ್ಮ ಗಾಬರಿಯಾಗಿ ಕೈಗೆ ಪೆನ್ನು ಕೊಟ್ಟರು. ಟೀಚರು ಹೆಬ್ಬೆಟ್ಟು ಒತ್ತುವುದುಂಟೆ? ಕಲಿತ ಅಕ್ಷರ ಮರೆತೇಹೋಗಿದ್ದ ತುಲಸಾ ಒಂದು ಗೀಟು ಎಳೆದಳು. ಕೆಳಗೆ, ಕಾಗದವನ್ನು ಓದದೆಯೇ, ಅತ್ತೆಯೆಂದು ಬೋಜಮ್ಮ ಸಹಿ ಹಾಕಿದರು.

ವಾರ್ಡಿನಲ್ಲಿ ರಕ್ತ ಏರಿಸಿದರು. ಸಂಜೆ ಬೋಜಮ್ಮ ಎದ್ದು ನಿಂತರು. "ರಾತ್ರಿಗೆ ಮೈಸೂರಿನ ಪಾರ್ಟಿ ಬರ್ತಾ ಉಂಟು. ನೀನಿಲ್ಲ ಅಂದ್ಮೇಲೆ ಒಲೆ ಮುಂದೆ ನಾನೇ ಅಲ್ವಾ? ನಾಳೆ ಮಧ್ಯಾಹ್ನದೊಳಗೆ ಬರ್ತೇನೆ. ಹೆದರಬೇಡ."

ಮರುದಿನವೂ ತುಲಸಾಳಿಗೆ ಮನೆಯಲ್ಲಿ ಏಳುವ ಹೊತ್ತಿಗೇ ಎಚ್ಚರವಾಯಿತು. ಕೈ ಸುಮ್ಮನಿರದೆ, ಒಂದು ಕೈಯಲ್ಲಿ ಸೂಜಿಯಿದ್ದರೂ ಪಕ್ಕದ ಮಂಚದವಳ ಕೆಳಗೆ ಬಿದ್ದ ಹೊದಿಕೆಯನ್ನು ಎತ್ತಿ ಮಡಚುತ್ತಿದ್ದಳು. ನರ್ಸ್ ಶೈನಿ ನೋಡಿ ಗದರಿದಳು, ಮೊದಲು ಕನ್ನಡದಲ್ಲಿ, ಮುಖ ನೋಡಿ ತಿಳಿಯಲಿಲ್ಲವೆಂದಾಗ ಹಿಂದಿಯಲ್ಲಿ. ಶೈನಿ ಕೇರಳದವಳು, ದೆಹಲಿಯಲ್ಲಿ ಕೆಲಸ ಮಾಡಿದವಳು. ತಿಂಗಳುಗಟ್ಟಲೆಯ ಮೇಲೆ ಹೊರಗಿನವರ ಬಾಯಿಂದ ಪೂರ್ತಿ ಅರ್ಥವಾಗುವ ಮಾತು ಕೇಳಿ ತುಲಸಾಳ ಕಣ್ಣು ತುಂಬಿತು.

ಆಪರೇಷನ್ನಿನ ನಿಲುವಂಗಿ ತೊಡಿಸಿ, ಬಳೆ ಬಿಚ್ಚುತ್ತ ಶೈನಿ ಕೇಳಿದಳು, "ಮಗನನ್ನು ಯಾರ ಹತ್ತಿರ ಬಿಟ್ಟು ಬಂದೆ?"

"ಯಾವ ಮಗ?"

"ನಿನ್ನ ಮಗ. ಒಬ್ಬನೇ ಸಾಕು ಅಂದಿದ್ದಕ್ಕೆ ತಾನೆ ಗರ್ಭಕೋಶವನ್ನೇ ತೆಗೆಯುತ್ತಿರುವುದು? ಮಕ್ಕಳು ಬೇಕು ಅನ್ನುವವರಿಗೆ ಗಡ್ಡೆ ಮಾತ್ರ ತೆಗೆದು ನೋಡುತ್ತಾರೆ."

ತುಲಸಾ ಅವಳ ಮಣಿಕಟ್ಟು ಹಿಡಿದುಕೊಂಡಳು. ಬಿಡಲಿಲ್ಲ.

"ಏನಾಯಿತು? ನಿನಗೆ ಇನ್ನೊಂದು ಬೇಕಿತ್ತಾ? ಅತ್ತೆ ಹೇಳಿದ್ದು ತಪ್ಪಾ?" ಶೈನಿ ದನಿ ತಗ್ಗಿಸಿದಳು. "ಈಗಲೂ ಹೇಳು, ಡಾಕ್ಟರನ್ನು ನಿಲ್ಲಿಸುತ್ತೇನೆ. ಆದರೆ ನಿನ್ನ ಗಂಡ ಬರಬೇಕು. ಗಡ್ಡೆ ಮಾತ್ರ ತೆಗೆಯುವುದೆಂದರೆ ರಕ್ತ ಹೆಚ್ಚು ಹೋಗಬಹುದು, ಅವನು ಕೂತು ಕೇಳಿ ಸಹಿ ಹಾಕದೆ ಇಲ್ಲಿ ಮಾಡುವುದಿಲ್ಲ. ವಿಮೆಯವರನ್ನೂ ಮತ್ತೆ ಕೇಳಬೇಕು. ಅವನನ್ನು ಕರೆಸುತ್ತೀಯಾ?"

ತೆಗೆಯುವುದಕ್ಕೆ ಅತ್ತೆಯ ಸಹಿ ಸಾಕಾಗಿತ್ತು. ಉಳಿಸಿಕೊಳ್ಳುವುದಕ್ಕೆ ಗಂಡ ಬರಬೇಕಿತ್ತು. ಕಾಗದದಲ್ಲಿದ್ದ ಗಂಡ ಬೇರೆಯವಳ ಗಂಡ, ಅವನಿಗೆ ವಿಷಯವೇ ಗೊತ್ತಿಲ್ಲ. ಇವಳ ಗಂಡ ಫೋನು ತಾಗದ ಗುಡ್ಡದಲ್ಲಿದ್ದ, ಬಂದರೂ ಇಲ್ಲಿ ಅವನು ಯಾರೂ ಅಲ್ಲ. ಮಗು ಬೇಕು ಅನ್ನಬೇಕಾದರೆ ಮೊದಲು ನಾನು ತುಲಸಾ ಅನ್ನಬೇಕು. ಅಂದರೆ ಬಳೆ ಮತ್ತೆ ತೊಟ್ಟು ಗೇಟಿನ ಹೊರಗೆ ನಿಲ್ಲಬೇಕು, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ಓದಲಾಗದೆ, ತೊಡೆಗಳ ನಡುವೆ ಬಟ್ಟೆ ಒದ್ದೆಯಾಗುತ್ತ. ರಶ್ಮಿತಾಕ್ಕನ ಮೇಲೆ ಕೇಸಾಗುತ್ತದೆ. ಕಾಲು ತೊಳೆದ ಬೋಜಮ್ಮ ಇನ್ನೊಮ್ಮೆ ಒಲೆ ಮುಟ್ಟಲು ಬಿಡುವುದಿಲ್ಲ. ಆಮೇಲೆ ಇನ್ನಾವುದೋ ಆಸ್ಪತ್ರೆ, ಇನ್ನಾವುದೋ ಸಾಲು, ಅಷ್ಟು ದಿನ ಮೈಯಲ್ಲಿ ರಕ್ತ ಉಳಿದರೆ. ಸತ್ತವಳ ಹೊಟ್ಟೆಯಲ್ಲಿ ಗರ್ಭಕೋಶ ಇದ್ದು ಏನು? ಹಾಗೆಂದುಕೊಂಡರೂ ಅವಳ ಇನ್ನೊಂದು ಕೈ ಹೊಟ್ಟೆಯ ಮೇಲೆ ಹೋಗಿ ಕೂತಿತ್ತು.

"ಅತ್ತೆಗಾದರೂ ಫೋನ್ ಮಾಡಲಾ?" ಎಂದಳು ಶೈನಿ.

ಈ ಹೊತ್ತಿಗೆ ಬೋಜಮ್ಮ ಉಂಡೆ ಕಟ್ಟುತ್ತಿರುತ್ತಾರೆ. ಕೈ ಸುಡುತ್ತಿರುತ್ತದೆ. ಕೇಳಿದರೆ ಅಳುತ್ತಾರೆ. ಅತ್ತು, ಈಗ ಎಂತ ಮಾಡುವ ಎಂದು ಇವಳನ್ನೇ ಕೇಳುತ್ತಾರೆ.

"ಬೇಡ," ಎಂದಳು ತುಲಸಾ.

ಸ್ಟ್ರೆಚರ್ ತಳ್ಳುವವರು ಬಂದು ಬಾಗಿಲಲ್ಲಿ ನಿಂತಿದ್ದರು. ಅವಳು ಶೈನಿಯ ಮಣಿಕಟ್ಟು ಬಿಟ್ಟಳು. ಯಾರ ಸಹಾಯವನ್ನೂ ತೆಗೆದುಕೊಳ್ಳದೆ ಸ್ಟ್ರೆಚರ್ ಮೇಲೆ ಹತ್ತಿ ಮಲಗಿ, ನಿಲುವಂಗಿಯನ್ನು ಮೊಣಕಾಲಿನವರೆಗೆ ಎಳೆದುಕೊಂಡಳು.

"ಅತ್ತೆ ಹೇಳಿದ್ದು ಸರಿ," ಎಂದಳು ಹಿಂದಿಯಲ್ಲಿ, ನಿಧಾನವಾಗಿ, ಪ್ರತಿ ಮಾತೂ ಕೇಳುವ ಹಾಗೆ. "ನನಗೆ ಒಬ್ಬ ಮಗ ಇದ್ದಾನೆ. ಇನ್ನು ಬೇಡ. ತೆಗೆಯಲಿ."