ಅತ್ತಿ ನಡಕ್ಕ ಸಿಗಿಸಿದ ಹೊಸಾ ಫೋನು

ಗೆಳತ್ಯಾರ, ಇವತ್ತ ಇಳಕಲ್‌ದಾಗ ಮೊಬೈಲ್ ಅಂಗಡ್ಯಾಗ ನಮ್ಮ ಅತ್ತಿ ಏನ್ ಮಾಡಿದ್ರು ಕೇಳ್ರಿ!

ನಾ ಫೋನಿನ್ಯಾಗ ಸೀರಿ ಮಾರಾಕಿ. ಗಿರಾಕಿ ಕಳಿಸಿದ ಫೋಟೋದಾಗ ಸೀರಿ ಅಂಚಿನ ದಡಿ ಯಾವುದಂತ ಈ ಸಣ್ಣ ಫೋನಿನ್ಯಾಗ ಕಾಣಂಗಿಲ್ಲ. ಮೊನ್ನೆ ಗೋಮಿ ದಡಿ ಕೇಳಿದಾಕಿಗೆ ಪರಾಸಪೇಟಿ ದಡಿ ಕಳಿಸಿ ಬೈಸ್ಕೊಂಡೀನಿ. ಅದಕ್ಕ ದೊಡ್ಡ ಫೋನ್ ನೋಡಾಕ ಅತ್ತಿನ್ನ ಕರ್ಕೊಂಡು ಹೋಗಿದ್ದೆ. ಕೈಯಾಗ ಹಿಡಿದ್ರ ಏನ್ ಚಂದ! ಆದ್ರ ತಗೊಳ್ಳೋದೋ ಬ್ಯಾಡೋ ತಿಳೀವಲ್ದು.

"ಚೊಲೋ ಐತಿ ಖರೆ. ಸೀರಿ ಮಡಚಾಕ ಎರಡೂ ಕೈ ಬೇಕು. ಇದನ್ನ ಎಲ್ಲಿ ಇಟ್ಕೋತಿ?" ಅಂದ ಅತ್ತಿ, ಫೋನ್ ಇಸ್ಕೊಂಡು ಸೀದಾ ನಡಕ್ಕ ಸಿಗಿಸ್ಕೊಂಡ್ರು!

ಅಂಗಡಿಯಾಂವ ಎದ್ದು ಓಡಿ ಬಂದ. "ಅವ್ವಾರ, ಬಿದ್ರ ಗಾಜು ಒಡೀತೈತ್ರಿ!"

ಅತ್ತಿ ಕೇಳ್ತಾರೇನು? ಕುಂತ್ರು, ಎದ್ರು, ಬಗ್ಗಿ ನೆಲದ ಮ್ಯಾಲಿನ ಚೀಟಿ ಆರಿಸಿದ್ರು. ಅಂವ ಪಾಪ, ಎರಡೂ ಕೈ ಒಡ್ಡಿಕೊಂಡು ಅವರ ಹಿಂದಿಂದ ತಿರುಗಿದ.

"ಏ ತಮ್ಮಾ, ಬೀಗದ ಕೈ, ಎಲಿ-ಅಡಿಕಿ ಚೀಲ ಎಲ್ಲಾ ಈ ನಡದಾಗ ನಿಂತಾವು. ನಿನ್ನ ಫೋನ್ ಬೀಳ್ತೈತೇನು?"

ಬೀಳಲಿಲ್ಲ! "ನಿಂತೈತಿ ನೋಡವಾ, ತಗೋ ಇದನ್ನ" ಅಂದ್ರು. ನನಗ ಅಲ್ಲೇ ಕುಣೀಬೇಕು ಅನಿಸ್ತು. ತಗೊಂಡೇ ಬಿಟ್ಟೆ!

ಇಷ್ಟೆಲ್ಲಾ ನಾ ಹಳೇ ಫೋನಿನ್ಯಾಗ ಬರ್ಯಾಕತ್ತೀನಿ. "ರೊಟ್ಟಿ ಬಡಿಯೋವಾಗ ನಿಂದರ್ತೈತೇನ ನೋಡಿ ಕೊಡ್ತೇನಿ" ಅಂತ ಹೇಳಿ ಅತ್ತಿ ಅಡಗಿಮನಿಗೆ ಹೋಗ್ಯಾರ. ರೊಟ್ಟಿ ಮುಗದು ತಾಸಾತು. ಹೊಸಾದು ಇನ್ನೂ ಅವರ ನಡದಾಗ ಐತಿ.