ಜ್ವರವಿಲ್ಲದ ಮಗು

ನಮ್ಮ ತುರ್ತು ವಿಭಾಗದ ಹಿರಿಯ ನರ್ಸಿಗೆ ನಾವಿಟ್ಟ ಹೆಸರು ಗದರಕ್ಕ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಆಕೆ ಗದರದೆ ಬಿಟ್ಟಿದ್ದು ರೋಗಿಗಳನ್ನು ಮಾತ್ರ. ನಾನು ಬಾಗಿಲಲ್ಲಿ ಚೀಟಿ ಕೊಡುವವನು. ಜ್ವರವಿದ್ದರೆ ಕೆಂಪು ಚೀಟಿ, ಇಲ್ಲದಿದ್ದರೆ ಹಸಿರು. ಹಸಿರಿನವರು ಬೆಂಚಿನ ಮೇಲೆ ಕಾಯಬೇಕು. ಈ ನಿಯಮ ಬರೆದ ಪುಣ್ಯಾತ್ಮ ಜನ್ಮದಲ್ಲಿ ಒಂದು ಹಸುಗೂಸನ್ನೂ ಎತ್ತಿಕೊಂಡಿರಲಿಕ್ಕಿಲ್ಲ.

ಅವತ್ತು ಬೆಳಿಗ್ಗೆ ಬಾಣಂತಿಯೊಬ್ಬಳು ಹತ್ತು ದಿನದ ಮಗುವನ್ನು ತಂದಳು. ನಿನ್ನೆಯಿಂದ ಹಾಲು ಕುಡಿಯುತ್ತಿಲ್ಲ, ಬರೀ ನಿದ್ದೆ ಎಂದಳು. ಮೈ ಮುಟ್ಟಿದೆ, ತಣ್ಣಗಿತ್ತು. ಹಸಿರು ಚೀಟಿ ಹರಿದು ಕೊಟ್ಟೆ. ಎರಡು ಗಂಟೆ ಬೆಂಚಿನ ಮೇಲೆ ಕೂತಿದ್ದಳು.

ಆ ಕಡೆ ಹಾದುಹೋಗುತ್ತಿದ್ದ ಗದರಕ್ಕ ನಿಂತು ಮಗುವಿನ ಟೋಪಿ ತೆಗೆದಳು. ತಲೆಯ ಹಿಂಭಾಗದಲ್ಲಿ ನೀರು ತುಂಬಿದ ಮೂರು ಸಣ್ಣ ಗುಳ್ಳೆ. ನೋಡುತ್ತಿದ್ದಂತೆಯೇ ಮಗು ಅದುರತೊಡಗಿತು. ಫಿಟ್ಸ್!

"ಯಾರ್ರೀ ಇವರನ್ನ ಇಲ್ಲಿ ಕೂರಿಸಿದ್ದು?"

"ಜ್ವರ ಇರ್ಲಿಲ್ಲ ಸಿಸ್ಟರ್..."

"ಇಷ್ಟು ಸಣ್ಣ ಕೂಸಿಗೆ ಜ್ವರ ಬಂದೇ ಬರತ್ತೆ ಅಂತ ಯಾರಪ್ಪ ಹೇಳಿದ್ದು ನಿಂಗೆ? ತಣ್ಣಗಾದ್ರೆ ಇನ್ನೂ ಹೆದರ್ಬೇಕು!"

ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಫಿಟ್ಸ್ ನಿಲ್ಲಿಸಿದ ದೊಡ್ಡ ಡಾಕ್ಟರು ಗುಳ್ಳೆಗಳನ್ನು ನೋಡಿ, "ಹೆರಿಗೆ ಟೈಮಲ್ಲಿ ತರಚಿರ್ಬೇಕು. ಟೆಸ್ಟಿಗೆ ಕಳ್ಸೋಣ, ರಿಪೋರ್ಟ್ ಬರ್ಲಿ" ಎಂದರು.

"ಇದು ಹರ್ಪಿಸ್ ವೈರಸ್ ಇದ್ದಂಗಿದೆ ಡಾಕ್ಟ್ರೇ! ತಡ ಆದಷ್ಟೂ ಮಿದುಳನ್ನ ತಿನ್ನತ್ತೆ, ಬದುಕಿದ್ರೂ ಕೈಕಾಲು ಸ್ವಾಧೀನ ತಪ್ಪತ್ತೆ. ಹೋದ ವರ್ಷ ಇಂಥದೇ ಮಗೂಗೆ ರಿಪೋರ್ಟ್ ಬರ್ಲಿ ಅಂತ ಕಾದ್ವಿ. ರಿಪೋರ್ಟ್ ಬಂದಿದ್ದು ಮೂರನೇ ದಿನ. ಮಗು ಎರಡನೇ ದಿನಾನೇ ಹೋಗಿತ್ತು. ರಕ್ತ, ಬೆನ್ನಿನ ನೀರು ಎಲ್ಲ ತಗೊಳ್ಳಿ, ಆದ್ರೆ ಔಷಧಿ ಈಗ್ಲೇ ಬರೀರಿ. ನೀವು ಬರೆಯೋವರೆಗೂ ನಾನು ಇಲ್ಲಿಂದ ಕದಲಲ್ಲ."

ಡಾಕ್ಟರ ಮುಖ ಕೆಂಪಾಯಿತು. ಆದರೂ ಬರೆದರು. ಅರ್ಧ ಗಂಟೆಯೊಳಗೆ ಆ ವೈರಸ್ಸಿನ ಔಷಧಿ ಅಸೈಕ್ಲೊವಿರ್ ಮಗುವಿನ ನರಕ್ಕೆ ಇಳಿಯುತ್ತಿತ್ತು. ರಿಪೋರ್ಟ್ ಬಂದಾಗ ಅದು ಹರ್ಪಿಸ್ಸೇ. ಇಪ್ಪತ್ತೊಂದು ದಿನ ಔಷಧಿ ಹೋಯಿತು, ಮಗು ಉಳಿಯಿತು.

ಇದಕ್ಕೆ ಗದರಕ್ಕನಿಗೆ ಸಿಕ್ಕ ಬಹುಮಾನ ಒಂದು ನೋಟಿಸು: ರೋಗಿಗಳೆದುರು ವೈದ್ಯರ ಮೇಲೆ ದನಿ ಏರಿಸಿದ್ದೇಕೆ? ಚೀಟಿಯ ನಿಯಮವನ್ನು ಯಾರೂ ಪ್ರಶ್ನಿಸಲಿಲ್ಲ. ನನ್ನನ್ನೂ ಕೇಳಲಿಲ್ಲ. ನಾನು ನಿಯಮ ಪಾಲಿಸಿದವನಲ್ಲವೇ! ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ವಾರ ಆ ತಾಯಿ ಮಗುವನ್ನು ತೋರಿಸಲು ಬಂದಿದ್ದಳು. ಈಗ ಅದಕ್ಕೆ ಆರು ತಿಂಗಳು. ನಾನು ಬೆರಳು ಚಾಚಿದೆ. ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು ನಕ್ಕಿತು. ಬಲಗೈಯ ಮುಷ್ಟಿ ಬಿಚ್ಚಲೇ ಇಲ್ಲ.